ಏರಿ ಹಾಕುವ ಮೊದಲು ಕೋಡಿಗೆ ಜಾಗ ನೋಡಿ

ಪ್ರಶ್ನೆ: ನಮ್ಮದು ಕಡೂರು ತಾಲ್ಲೂಕು, ಅರಸೀಕೆರೆ ಗಡಿಗೆ ಹತ್ತಿರದ ಹಳ್ಳಿ. ಇಪ್ಪತ್ತೆರಡು ಎಕರೆಯಲ್ಲಿ ಅರ್ಧ ತೆಂಗು ಮತ್ತು ರಾಗಿ, ಉಳಿದದ್ದು ಕಲ್ಲು ತುಂಬಿದ ಹುಲ್ಲುಗಾವಲು. ಹದಿನಾಲ್ಕು ದನ, ಎಂಬತ್ತು ಕುರಿ ಇವೆ. ಮಾರ್ಚ್ ಬಂತೆಂದರೆ ಬೋರ್‌ವೆಲ್ ತೊಟ್ಟಿಕ್ಕುತ್ತದೆ, ದನಗಳಿಗೂ ಟ್ಯಾಂಕರ್ ನೀರು ತರಿಸಬೇಕಾಗುತ್ತದೆ. ಜಮೀನಿನ ನಡುವೆ ಗುಡ್ಡದಿಂದ ಇಳಿಯುವ ಸಣ್ಣ ಹಳ್ಳವಿದೆ. ಅದಕ್ಕೆ ನೀರು ಕೊಡುವ ಇಳಿಜಾರು ಸುಮಾರು ನಲವತ್ತು ಎಕರೆ ಇರಬಹುದು. ಹಿಂದೆ ನಮ್ಮ ತಂದೆ ಇಲ್ಲಿ ಎಂಟು ಅಡಿಯ ಏರಿ ಹಾಕಿಸಿ, ಹೆಚ್ಚಾದ ನೀರು ಹೋಗಲು ಒಂದಡಿ ವ್ಯಾಸದ ಎರಡು ಸಿಮೆಂಟ್ ಪೈಪುಗಳನ್ನು ಇಡಿಸಿದ್ದರು. 2022ರ ಮಳೆಯಲ್ಲಿ ಪೈಪುಗಳ ಪಕ್ಕದಲ್ಲೇ ಏರಿ ಒಡೆದು, ಕೆಳಗಿನವರ ತೋಟಕ್ಕೆ ಮಣ್ಣು ನುಗ್ಗಿ, ಜಗಳವೂ ಆಯಿತು. ಈಗ ಜೆಸಿಬಿ ಗುತ್ತಿಗೆದಾರರೊಬ್ಬರು ಹದಿನೈದು ಅಡಿ ಎತ್ತರ, ತಳದಲ್ಲಿ ಐವತ್ತು ಅಡಿ, ಮೇಲೆ ಹತ್ತು ಅಡಿ ಅಗಲದ ಏರಿ ಹಾಕಿಕೊಡುತ್ತೇನೆ, ಮೂರು ತಲೆಮಾರು ಅಲುಗುವುದಿಲ್ಲ ಎನ್ನುತ್ತಿದ್ದಾರೆ. ಪಕ್ಕದ ಜಮೀನಿನವರು ಈ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಪ್ಲಾಸ್ಟಿಕ್ ಹಾಳೆ ಹಾಸಿ ಎನ್ನುತ್ತಾರೆ. ಏರಿ ಕಟ್ಟಿದರೆ ಬೋರ್‌ವೆಲ್‌ಗೂ ನೀರು ಬರಬಹುದು ಎಂಬ ಆಸೆ ನನ್ನದು. ಯಾರ ಮಾತು ಕೇಳಲಿ? ಏರಿಯ ಮೇಲೆ ಹೊಂಗೆ ನೆಟ್ಟರೆ ಗಟ್ಟಿಯಾಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಏರಿಯ ಎತ್ತರ, ತಳ, ತಲೆ ಎಲ್ಲದರ ಅಳತೆಯೂ ಇದೆ, ಹೊಸ ಏರಿಗೆ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ, ಎಲ್ಲಿ ಎಂಬ ಮಾತು ಮಾತ್ರ ಇಲ್ಲ. ಗುತ್ತಿಗೆದಾರರು ಅದನ್ನು ಹೇಳಿಲ್ಲವೆಂದರೆ ನನಗೆ ಆಶ್ಚರ್ಯವಿಲ್ಲ. ಅವರಿಗೆ ಕೂಲಿ ಸಿಗುವುದು ಎತ್ತಿ ಹಾಕಿದ ಮಣ್ಣಿಗೆ. ಆದರೆ ಸಣ್ಣ ಏರಿಗಳ ಕೆಲಸದಲ್ಲಿ ನಾನು ನೋಡಿರುವಂತೆ, ಏರಿ ತಗ್ಗಾಗಿತ್ತು ಎಂಬ ಕಾರಣಕ್ಕೆ ಒಡೆದದ್ದು ಕಡಿಮೆ. ಹೆಚ್ಚಾದ ನೀರಿಗೆ ದಾರಿ ಸಾಲದೆ ಒಡೆದವು, ಅಡಿಯಿಂದ ಅಥವಾ ಪೈಪಿನ ಪಕ್ಕದಿಂದ ನೀರು ಸುರಂಗ ಕೊರೆದು ಒಡೆದವು, ಇವೆರಡೇ ಜಾಸ್ತಿ.

ನಿಮ್ಮ ತಂದೆಯವರ ಏರಿಯಿಂದಲೇ ಶುರು ಮಾಡೋಣ. ನಲವತ್ತು ಎಕರೆ ಎಂದರೆ ಹದಿನಾರು ಹೆಕ್ಟೇರ್. ಚಿತ್ತೆ ಮಳೆ ಜೋರಾಗಿ ಹಿಡಿದು ಗಂಟೆಗೆ 75 ಮಿ.ಮೀ. ವೇಗದಲ್ಲಿ ಸುರಿದರೆ, ಮೊದಲೇ ನೆನೆದಿರುವ ಕಲ್ಲು ನೆಲದ ಇಳಿಜಾರಿನಿಂದ ಸೆಕೆಂಡಿಗೆ ಸುಮಾರು 1,300 ಲೀಟರ್ ನೀರು ಇಳಿಯುತ್ತದೆ. ಒಂದಡಿ ಪೈಪು ಅಂಥ ಸ್ಥಿತಿಯಲ್ಲಿ ಸಾಗಿಸುವುದು ಸೆಕೆಂಡಿಗೆ ನೂರರಿಂದ ನೂರಿಪ್ಪತ್ತು ಲೀಟರ್. ಎರಡು ಪೈಪು ಸೇರಿದರೂ ಬಂದ ನೀರಿನ ಐದನೆಯ ಒಂದು ಪಾಲಿಗಿಂತ ಕಡಿಮೆ. ಜೊತೆಗೆ ಕಸಕಡ್ಡಿ, ಲಂಟಾನದ ಕೊಂಬೆ ಬಂದು ಬಾಯಿಗೆ ಸಿಕ್ಕಿಕೊಂಡಿದ್ದರೆ ಅದೂ ಇಲ್ಲ.

ಪೈಪಿನ ಪಕ್ಕದಲ್ಲೇ ಒಡೆದದ್ದು ಎರಡನೆಯ ಕಥೆಯನ್ನು ಹೇಳುತ್ತದೆ. ದುಂಡಗಿನ ಪೈಪಿನ ಹೊಟ್ಟೆಯ ಕೆಳಗೆ ರೋಲರ್ ತಲುಪುವುದಿಲ್ಲ, ಸಲಾಕೆ ಹಿಡಿದು ಕೈಯಲ್ಲೇ ಕುಟ್ಟಬೇಕು, ಆ ಕೆಲಸವನ್ನು ಯಾರೂ ಮಾಡುವುದಿಲ್ಲ. ಸಡಿಲವಾಗಿ ಉಳಿದ ಆ ಮಣ್ಣಿನ ಗೆರೆಯಲ್ಲಿ ನೀರು ನುಸುಳುತ್ತದೆ, ಕಣ ಕಣವಾಗಿ ಮಣ್ಣನ್ನು ಹೊರಗೆ ಸಾಗಿಸುತ್ತದೆ. ವರ್ಷಗಟ್ಟಲೆ ಯಾರಿಗೂ ಕಾಣದೆ ನಡೆದ ಕೆಲಸ ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಹಾಗಾಗಿ 2022ರ ಮಳೆಯನ್ನು ಬಯ್ಯುವುದು ಬೇಡ. ಆ ಏರಿ ಎಂದಾದರೂ ಒಡೆಯುವುದಿತ್ತು.

ಈಗ ಹದಿನೈದು ಅಡಿಯ ಏರಿಯ ವಿಷಯ. ಕಾಗದದ ಮೇಲೆ ಅಡ್ಡಕೊಯ್ತದ ಚಿತ್ರ ಬರೆದು ನೋಡಿ. ಮೇಲೆ ಹತ್ತು, ಕೆಳಗೆ ಐವತ್ತು, ಎತ್ತರ ಹದಿನೈದು. ಪ್ರತಿ ಬದಿಯಲ್ಲಿ ಹದಿನೈದು ಅಡಿ ಇಳಿಯುವುದಕ್ಕೆ ಇಪ್ಪತ್ತೇ ಅಡಿ ಸಿಗುತ್ತದೆ. ಇದು ತೀರಾ ಕಡಿದು. ನೀರು ನಿಲ್ಲುವ ಕಡೆ ಒಂದು ಅಡಿ ಎತ್ತರಕ್ಕೆ ಮೂರು ಅಡಿ, ಹಿಂಬದಿಗೆ ಎರಡು ಅಡಿ ಇಳಿಜಾರು ಇರಬೇಕು. ನೆನೆದ ಮಣ್ಣು, ಅದರಲ್ಲೂ ನೀರು ಬೇಗ ಇಳಿದುಹೋದಾಗ, ಅದಕ್ಕಿಂತ ಕಡಿದಾಗಿ ನಿಲ್ಲದೆ ಜಾರುತ್ತದೆ. ಆ ಲೆಕ್ಕಕ್ಕೆ ಹದಿನೈದು ಅಡಿ ಏರಿಗೆ ತಳ ಎಂಬತ್ತೈದು ಅಡಿ ಬೇಕು. ಹತ್ತು ಅಡಿ ಏರಿಗೆ ಅರವತ್ತು ಅಡಿ.

ಇಲ್ಲೊಂದು ತಮಾಷೆ ಇದೆ. ಗುತ್ತಿಗೆದಾರರ ಹದಿನೈದು ಅಡಿ ಏರಿಯ ಅಡ್ಡಕೊಯ್ತ 450 ಚದರ ಅಡಿ, ಸರಿಯಾದ ಇಳಿಜಾರಿನ ಹತ್ತು ಅಡಿ ಏರಿಯದು 350 ಚದರ ಅಡಿ. ಅಂದರೆ ಬೀಳುವ ಏರಿಗಿಂತ ನಿಲ್ಲುವ ಏರಿಗೆ ಕಡಿಮೆ ಮಣ್ಣು ಸಾಕು. ಹದಿನೈದು ಅಡಿಯದನ್ನೇ ಸರಿಯಾಗಿ ಕಟ್ಟಲು ಹೋದರೆ 710 ಚದರ ಅಡಿ ದಾಟುತ್ತದೆ, ಹತ್ತು ಅಡಿಯದಕ್ಕಿಂತ ಎರಡು ಪಟ್ಟು. ಆ ಖರ್ಚು ನಿಮಗೆ ಬೇಕಾಗಿಲ್ಲ. ಏಕೆಂದು ಹೇಳುತ್ತೇನೆ.

ನಿಮ್ಮ ಜಾನುವಾರು ಎಷ್ಟು ಕುಡಿಯುತ್ತವೆ? ಬೇಸಿಗೆಯಲ್ಲಿ ಒಂದು ದನಕ್ಕೆ ದಿನಕ್ಕೆ ಐವತ್ತು ಲೀಟರ್, ಕುರಿಗೆ ಐದು ಲೀಟರ್ ಎಂದಿಟ್ಟುಕೊಳ್ಳಿ. ದಿನಕ್ಕೆ 1,100 ಲೀಟರ್. ಡಿಸೆಂಬರಿನಿಂದ ಮೇ ಕೊನೆಯವರೆಗೆ ಸುಮಾರು ಎರಡು ಲಕ್ಷ ಲೀಟರ್. ಅರ್ಧ ಎಕರೆ ಹರವಿನ, ಅತಿ ಆಳದಲ್ಲಿ ಹನ್ನೊಂದು ಹನ್ನೆರಡು ಅಡಿ ಇರುವ ಕಟ್ಟೆ ತುಂಬಿದರೆ ಹಿಡಿಯುವುದು ಇಪ್ಪತ್ತೆಂಟು ಲಕ್ಷ ಲೀಟರ್ ಆಸುಪಾಸು. ಉಳಿದದ್ದು ಎಲ್ಲಿ ಹೋಗುತ್ತದೆ ಎಂದರೆ, ಕಡೂರಿನ ಬಿಸಿಲಿಗೆ ದಿನಕ್ಕೆ ಐದು ಮಿ.ಮೀ. ಆವಿಯಾದರೂ ಆ ಆರು ತಿಂಗಳಲ್ಲಿ ಮೂರಡಿ ನೀರು ಗಾಳಿಗೆ ಹೋಗುತ್ತದೆ. ಚೆನ್ನಾಗಿ ಕಟ್ಟಿದ ಕಟ್ಟೆಯಲ್ಲೂ ಸುಮಾರು ಅಷ್ಟೇ ನೆಲಕ್ಕೆ ಇಂಗುತ್ತದೆ. ದನಕುರಿಗಳ ಪಾಲು ಹತ್ತರಲ್ಲಿ ಒಂದೂ ಅಲ್ಲ. ಆದ್ದರಿಂದ ಹರವು ಹೆಚ್ಚಿಸುವ ಎತ್ತರದ ಏರಿಗಿಂತ, ಹರವು ಕಡಿಮೆಯಿದ್ದು ಆಳವಿರುವ ಕಟ್ಟೆಯೇ ಮಾರ್ಚ್ ದಾಟಿಸುವುದು. ಆರಡಿಗಿಂತ ಕಡಿಮೆ ಆಳದ ಕಟ್ಟೆಗಳು ಶಿವರಾತ್ರಿ ಕಳೆಯುತ್ತಿದ್ದಂತೆ ಬಿರುಕು ಬಿಡುವುದನ್ನು ನೀವೂ ನೋಡಿರುತ್ತೀರಿ.

ತುಂಬುವಷ್ಟು ನೀರು ಬರುತ್ತದೆಯೇ ಎಂದು ಕೇಳಿದರೆ, ಬರುತ್ತದೆ, ಎಲ್ಲ ವರ್ಷವೂ ಅಲ್ಲ. ನಿಮ್ಮ ಭಾಗದಲ್ಲಿ ವರ್ಷಕ್ಕೆ 600ರಿಂದ 700 ಮಿ.ಮೀ. ಮಳೆ. ಹುಲ್ಲು ನೆಲದಿಂದ ಅದರಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಹರಿದು ಬಂದರೂ ಐವತ್ತು ಲಕ್ಷದಿಂದ ಒಂದು ಕೋಟಿ ಲೀಟರ್. ಬರಗಾಲದಲ್ಲಿ ಒಂದೆರಡು ದೊಡ್ಡ ಮಳೆಗಳ ಮೇಲೆಯೇ ಎಲ್ಲವೂ ನಿಂತಿರುತ್ತದೆ. ಅಂಥ ವರ್ಷ ಹದಿನೈದು ಅಡಿಯ ಏರಿಯಾದರೂ ಅದರ ಬುಡದಲ್ಲಿ ಮೊಣಕಾಲು ನೀರು, ಹತ್ತು ಅಡಿಯ ಏರಿಯಾದರೂ ಅಷ್ಟೇ.

ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ ಎನ್ನುವ ಮಾತಿನಲ್ಲಿ ಅರ್ಧ ಸತ್ಯವಿದೆ. ಮೇಲಿನ ಒಂದೆರಡು ಅಡಿ ಮರಳು ಮಿಶ್ರಿತ ಕೆಂಪು ಮಣ್ಣು, ಅದರ ಕೆಳಗೆ ಕೆಲವು ಕಡೆ ಜಿಗಟು ಮಣ್ಣು, ಕೆಲವು ಕಡೆ ನೇರವಾಗಿ ಗರಸು, ಅಂದರೆ ಜಲ್ಲಿಯಂಥ ಸಡಿಲ ಮಣ್ಣು. ಗರಸು ಸಿಕ್ಕಿದ ಕಡೆ ನೀರು ಜರಡಿಯಲ್ಲಿ ಹೋದಂತೆ ಹೋಗುತ್ತದೆ. ನಿಮ್ಮ ನೆಲದಲ್ಲಿ ಯಾವುದಿದೆ ಎಂದು ಊಹಿಸುವ ಬದಲು ಏರಿ ಬರುವ ಗೆರೆಯಲ್ಲಿ ಮೂರು, ನೀರು ನಿಲ್ಲುವ ಜಾಗದಲ್ಲಿ ಮೂರು ಗುಂಡಿಗಳನ್ನು ಎಂಟು ಅಡಿ ಆಳಕ್ಕೆ ತೋಡಿಸಿ. ಜೆಸಿಬಿಗೆ ಎರಡು ಗಂಟೆಯ ಕೆಲಸ. ಗುಂಡಿಯ ಗೋಡೆಯಲ್ಲಿ ಮಣ್ಣಿನ ಪದರಗಳು ಕಾಣುತ್ತವೆ. ಸಂಜೆ ಗುಂಡಿಗೆ ನೀರು ತುಂಬಿಸಿ ನೆನೆಯಲು ಬಿಡಿ, ಮರುದಿನ ಮತ್ತೆ ತುಂಬಿಸಿ ಕಡ್ಡಿ ನೆಟ್ಟು ಗುರುತು ಮಾಡಿ. ಒಂದು ರಾತ್ರಿಯಲ್ಲಿ ಗುಂಡಿ ಬರಿದಾದರೆ ಆ ಜಾಗದ ಆಸೆ ಬಿಡಿ.

ಮಣ್ಣನ್ನೂ ಪರೀಕ್ಷಿಸಿ. ನಾಲ್ಕಡಿ ಆಳದಿಂದ ತೆಗೆದ ಮಣ್ಣನ್ನು ಕಲ್ಲು ಆರಿಸಿ, ನೀರು ಚಿಮುಕಿಸಿ, ಕಲಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಪಟ್ಟಿಯಂತೆ ಒತ್ತಿ ತೆಗೆಯಿರಿ. ಎರಡು ಅಂಗುಲ ಬರುವವರೆಗೆ ಮುರಿಯದಿದ್ದರೆ ಏರಿಯ ನಡುಭಾಗಕ್ಕೆ ಆಗುವ ಮಣ್ಣು. ಇನ್ನೊಂದು ಪರೀಕ್ಷೆಯನ್ನು ಬಹಳ ಜನ ಮಾಡುವುದಿಲ್ಲ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ನೀರು ತೆಗೆದುಕೊಂಡು, ಕಡಲೆಕಾಳು ಗಾತ್ರದ ಒಣ ಹೆಂಟೆಯನ್ನು ಮೆಲ್ಲಗೆ ಬಿಡಿ, ಅಲುಗಿಸಬೇಡಿ. ಹೆಂಟೆ ಕುಸಿದು ಗುಪ್ಪೆಯಾಗಿ ಕುಳಿತು ನೀರು ತಿಳಿಯಾಗಿಯೇ ಉಳಿದರೆ ಭಯವಿಲ್ಲ. ಹತ್ತು ನಿಮಿಷದಲ್ಲಿ ಅದರ ಸುತ್ತ ಹಾಲಿನಂಥ ಮೋಡವೆದ್ದು ತಳವೆಲ್ಲ ಹರಡಿದರೆ ಆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದೆ. ಅದು ಕೈಗೆ ಎಷ್ಟೇ ಜಿಗಟಾಗಿ ಕಂಡರೂ ನೀರಿನಲ್ಲಿ ಕರಗಿ ಹೋಗುವ ಮಣ್ಣು. ಅದರಿಂದ ಕಟ್ಟಿದ ಏರಿಯಲ್ಲಿ ಕೂದಲೆಳೆಯ ಬಿರುಕು ಸಾಕು, ಸುರಂಗವಾಗುತ್ತದೆ. ಜಿಪ್ಸಂ ಬೆರೆಸಿ ಸರಿಪಡಿಸಬಹುದು, ಆದರೆ ಬೇರೆ ಮಣ್ಣು ಹತ್ತಿರದಲ್ಲಿ ಸಿಗುವುದಾದರೆ ಅದೇ ಅಗ್ಗ. ಕಪ್ಪು ಮಣ್ಣಿನ ತೇಪೆಗಳಿರುವ ಕಡೆ ಈ ಪರೀಕ್ಷೆಯನ್ನು ತಪ್ಪಿಸಲೇಬೇಡಿ.

ಪ್ಲಾಸ್ಟಿಕ್ ಹಾಳೆ ಕೃಷಿ ಹೊಂಡಕ್ಕೆ ಸರಿ, ದನ ಇಳಿದು ಕುಡಿಯುವ ಕಟ್ಟೆಗೆ ಸರಿಯಲ್ಲ. ಗೊರಸು ತಾಗಿದರೆ ಹರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಜಾರುವ ಹಾಳೆಯ ಮೇಲೆ ಇಳಿದ ಕುರಿಯೂ ಹತ್ತಲಾರದು, ಮಗುವೂ ಹತ್ತಲಾರದು. ಹಾಳೆ ಹಾಸಿದರೆ ಸುತ್ತ ಬೇಲಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಟ್ಟಿರುವುದು, ಇವು ಕಡ್ಡಾಯ ಎಂದುಕೊಳ್ಳಿ. ಹೊಂಡಕ್ಕೆ ಬಿದ್ದು ಜೀವ ಹೋದ ಸುದ್ದಿ ಪ್ರತಿ ಬೇಸಿಗೆಯೂ ಪತ್ರಿಕೆಯಲ್ಲಿ ಬರುತ್ತದೆ.

ಬೋರ್‌ವೆಲ್ ಆಸೆಯ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಹೇಳಬೇಕು. ಒಂದೇ ಕಟ್ಟೆ ನೀರನ್ನು ಹಿಡಿದೂ ಇಡಬೇಕು, ಇಂಗಿಸಲೂ ಬೇಕು ಎಂದರೆ ಆಗದು. ಬೇಸಿಗೆಗೆ ನೀರು ಉಳಿಯಬೇಕಾದರೆ ಕಟ್ಟೆಯ ತಳ ಗಟ್ಟಿಯಾಗಿರಬೇಕು. ಬೋರ್‌ವೆಲ್‌ಗೆ ಬೇಕಾದರೆ ತಳ ಸೋರಬೇಕು. ಅಲ್ಲದೆ ನಮ್ಮದು ಗಟ್ಟಿ ಬಂಡೆಯ ನೆಲ, ನೀರು ಬಂಡೆಯ ಬಿರುಕುಗಳ ದಾರಿ ಹಿಡಿದು ಹೋಗುತ್ತದೆ. ನಿಮ್ಮ ಕಟ್ಟೆಯ ನೀರು ನಿಮ್ಮ ಬೋರ್‌ವೆಲ್ ಬಿಟ್ಟು ಕೆಳಗಿನ ತೋಟದವರ ಬೋರ್‌ವೆಲ್ ಸೇರಿದರೂ ಸೇರಬಹುದು. (ಅವರ ಜೊತೆಗಿನ ಜಗಳ ಮುಗಿಸಲು ಈ ಮಾತು ಉಪಯೋಗಕ್ಕೆ ಬರುತ್ತದೆ.) ಇಂಗಿಸುವುದೇ ಗುರಿಯಾದರೆ ಗರಸು ಸಿಕ್ಕಿದ ಜಾಗದಲ್ಲಿ ಮೇಲ್ಭಾಗಕ್ಕೆ ಸಣ್ಣ ಕಲ್ಲುಕಟ್ಟುಗಳನ್ನು ಹಾಕಿ. ಹೂಳು ಅಲ್ಲೇ ನಿಂತು, ಕೆಳಗಿನ ಕಟ್ಟೆಯ ಆಯುಷ್ಯವೂ ಹೆಚ್ಚುತ್ತದೆ.

ಇನ್ನು ದಾರಿಗಳು. ಮೊದಲು ಗ್ರಾಮ ನಕ್ಷೆ ತೆಗೆಸಿ ನೋಡಿ. ನೀವು ಹಳ್ಳ ಎನ್ನುವುದು ನಕ್ಷೆಯಲ್ಲಿ ಹಳ್ಳವಾಗಿಯೇ ಇದ್ದರೆ ಅದು ಖರಾಬು, ಸರ್ಕಾರದ್ದು. ನಿಮ್ಮ ಜಮೀನಿನ ನಡುವೆ ಹರಿದರೂ ಅಡ್ಡ ಕಟ್ಟುವ ಹಕ್ಕು ನಿಮಗಿಲ್ಲ. ಕೆಳಗೆ ಊರ ಕೆರೆಯೊಂದು ಅದೇ ನೀರನ್ನು ನಂಬಿಕೊಂಡಿರುತ್ತದೆ. ತಾಲ್ಲೂಕು ಕಚೇರಿ ಮತ್ತು ಸಣ್ಣ ನೀರಾವರಿ ಇಲಾಖೆಯವರನ್ನು ಕೇಳದೆ ಮುಂದುವರಿದರೆ, ಒಡೆದಾಗ ಬರುವ ದಾವೆಯಲ್ಲಿ ನಿಮ್ಮ ಪರವಾಗಿ ಹೇಳಲು ಏನೂ ಉಳಿಯುವುದಿಲ್ಲ.

ನಕ್ಷೆಯಲ್ಲಿ ಹಳ್ಳವಿದ್ದರೆ ಅದನ್ನು ಅದರ ಪಾಡಿಗೆ ಬಿಟ್ಟು, ಪಕ್ಕದ ಗಟ್ಟಿ ಮಣ್ಣಿನಲ್ಲಿ ಗೋಕಟ್ಟೆ ತೋಡಿಸಿ. ಸ್ವಂತ ಇಳಿಜಾರಿನ ನೀರನ್ನು ಬದುಗಾಲುವೆಯಿಂದ ಅದಕ್ಕೆ ತಿರುಗಿಸಿ, ಬಾಯಲ್ಲಿ ಹೂಳಿನ ಗುಂಡಿಯೊಂದನ್ನು ಮಾಡಿ. ತೋಡಿದ ಕಟ್ಟೆಯಲ್ಲಿ ನೀರು ನೆಲಮಟ್ಟದ ಕೆಳಗಿರುವುದರಿಂದ ಒಡೆಯುವ ಭಯವಿಲ್ಲ. ಖರ್ಚು ಮಾತ್ರ ಜಾಸ್ತಿ. ಏರಿ ಹಾಕಿದರೆ ಒಂದು ಲೋಡ್ ಮಣ್ಣಿಗೆ ಹಲವು ಪಟ್ಟು ನೀರು ನಿಲ್ಲುತ್ತದೆ, ತೋಡಿದರೆ ತೋಡಿದಷ್ಟೇ. ಆದರೆ ಎರಡು ಲಕ್ಷ ಲೀಟರಿನ ಅಗತ್ಯಕ್ಕೆ ಸಣ್ಣ ಹರವಿನ ಆಳದ ಗೋಕಟ್ಟೆ ಸಾಕಾಗುತ್ತದೆ. ಉದ್ಯೋಗ ಖಾತರಿಯಲ್ಲಿ ಗೋಕಟ್ಟೆಗಳ ಕೆಲಸ ನಡೆದಿದೆ, ಪಂಚಾಯಿತಿಯಲ್ಲಿ ವಿಚಾರಿಸಿ. ಊರ ಪಕ್ಕದಲ್ಲಿ ಹೂಳು ತುಂಬಿದ ಹಳೆಯ ಕಟ್ಟೆಯೇನಾದರೂ ಇದ್ದರೆ ಅದರ ಹೂಳು ತೆಗೆಸುವುದು ಇನ್ನೂ ಒಳ್ಳೆಯದು. ಏರಿ ನೂರಾರು ಮಳೆ ಕಂಡಿರುತ್ತದೆ, ತೆಗೆದ ಹೂಳು ನಿಮ್ಮ ತೆಂಗಿಗೆ ಗೊಬ್ಬರವಾಗುತ್ತದೆ.

ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ಅಮೃತಮಹಲ್ ದನಗಳಿಗೆ ಮೀಸಲಾದ ಹುಲ್ಲುಗಾವಲುಗಳನ್ನು, ಅಂದರೆ ಕಾವಲುಗಳನ್ನು, ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಬೇಸಿಗೆಯ ಕಾವಲುಗಳು ಹೆಚ್ಚಾಗಿ ಕೆರೆಯಂಗಳದಲ್ಲಿ, ನೆರಳೂ ಹಸಿರೂ ಇರುವ ಕಡೆ. ನೀರನ್ನು ದನದ ಹತ್ತಿರ ತರುವ ಬದಲು ದನವೇ ನೀರಿನ ಹತ್ತಿರ ಹೋಗುತ್ತಿತ್ತು. ಇಪ್ಪತ್ತೆರಡು ಎಕರೆಯಲ್ಲಿ ನಿಮಗೆ ಆ ಅನುಕೂಲವಿಲ್ಲ.

ನಕ್ಷೆಯಲ್ಲಿ ಹಳ್ಳವಿಲ್ಲ, ಅದು ನಿಮ್ಮದೇ ಜಮೀನಿನ ಕೊರಕಲು, ಗುಂಡಿಗಳಲ್ಲಿ ಜಿಗಟು ಮಣ್ಣೂ ಸಿಕ್ಕಿತು ಎಂದಾದರೆ ಹತ್ತು ಅಡಿಯ ಏರಿ ಹಾಕಿ. ಕೆಲಸ ಕೋಡಿಯಿಂದ ಶುರುವಾಗಲಿ. ಏರಿಯ ತುದಿಯಾಚೆ, ಯಾರೂ ಮುಟ್ಟದ ಗಟ್ಟಿ ನೆಲದಲ್ಲಿ ಇಪ್ಪತ್ತು ಅಡಿ ಅಗಲದ ಕೋಡಿ ತೆಗೆಯಿರಿ, ತಳ ಮಟ್ಟಸವಾಗಿರಲಿ. ಹೇಳಿದ ಮಳೆಗೆ ಹದಿನಾರು ಅಡಿ ಸಾಕು, ನಾಲ್ಕು ಅಡಿ ನಿಮ್ಮ ನೆಮ್ಮದಿಗೆ. ಕೋಡಿಯ ತಳ ಏರಿಯ ತಲೆಗಿಂತ ಮೂರಡಿ ಕೆಳಗಿರಬೇಕು. ಒಂದಡಿ ನೀರು ಕೋಡಿ ಹರಿಯುವಾಗಲೂ ಎರಡಡಿ ಏರಿ ಒಣಗಿರುತ್ತದೆ. ಮೀನು ಹೋಗುತ್ತದೆಂದು, ನೀರು ಪೋಲಾಗುತ್ತದೆಂದು ಕೋಡಿಗೆ ಮರಳಿನ ಮೂಟೆ ಇಡುವ ಚಾಳಿ ನಮ್ಮ ಕಡೆ ಇದೆ. ಅಂದೇ ಏರಿಯ ಗಂಡಾಂತರ ಶುರು. ಕೋಡಿಯ ನೀರು ನಿಮ್ಮ ಜಮೀನಿನೊಳಗೇ ಮತ್ತೆ ಹಳೆಯ ಕೊರಕಲನ್ನು ಸೇರಬೇಕು, ಪಕ್ಕದವರ ತೋಟವನ್ನಲ್ಲ. ಸಖರಾಯಪಟ್ಟಣದ ಅಯ್ಯನಕೆರೆ ಕೋಡಿ ಬಿದ್ದಾಗ ಒಮ್ಮೆ ಹೋಗಿ, ನೀರಿಗೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ನೋಡಿ ಬನ್ನಿ.

ಆಮೇಲೆ ಬುನಾದಿ. ಏರಿಯ ತಳದ ಹುಲ್ಲು, ಬೇರು, ಮೇಲ್ಮಣ್ಣನ್ನು ಪೂರ್ತಿ ಕೆರೆದು ತೆಗೆಯಿಸಿ. ನಡುಗೆರೆಯ ಉದ್ದಕ್ಕೂ ಜಿಗಟು ಪದರ ಸಿಗುವವರೆಗೆ, ಕನಿಷ್ಠ ಮೂರಡಿ ಆಳಕ್ಕೆ ಟ್ರೆಂಚು ತೋಡಿ, ಜಿಗಟು ಮಣ್ಣನ್ನೇ ತುಂಬಿ ದಮ್ಮಸು ಮಾಡಿ ಮೇಲಕ್ಕೆ ತನ್ನಿ. ಮುರಿದ ಹಳೆಯ ಏರಿಯ ತುಂಡುಗಳನ್ನು ಹಾಗೆಯೇ ಬಿಟ್ಟು ನಡುವೆ ತೇಪೆ ಹಾಕಿಸಬೇಡಿ, ಪೈಪುಗಳನ್ನು ಹೊರಗೆ ತೆಗೆಸಿ, ಅಂಚುಗಳನ್ನು ಇಳಿಜಾರಾಗಿ ಕೆತ್ತಿ ಹೊಸ ಮಣ್ಣಿಗೆ ಬೆಸೆಯಬೇಕು. ಏರಿಗೆ ಬೇಕಾದ ಮಣ್ಣನ್ನು ಕಟ್ಟೆಯೊಳಗಿನಿಂದಲೇ, ಏರಿಯ ಬುಡದಿಂದ ಇಪ್ಪತ್ತು ಅಡಿ ಬಿಟ್ಟು ತೆಗೆದರೆ ನಾಲ್ಕಡಿ ಆಳ ಪುಕ್ಕಟೆ ಸಿಗುತ್ತದೆ. ಜಿಗಟು ಪದರವನ್ನು ತೂತು ಮಾಡಿ ಗರಸಿಗೆ ಇಳಿಯಬೇಡಿ, ಅಷ್ಟೇ.

ಹಿಟಾಚಿ ಯಂತ್ರ ಏರಿಯ ಮೇಲೆ ಹತ್ತಿ ಓಡಾಡಿದರೆ ಮಣ್ಣು ಕೂರುತ್ತದೆ ಎಂಬುದು ದೊಡ್ಡ ಭ್ರಮೆ. ಚೈನಿನ ಗಾಡಿಯ ಭಾರ ಅಗಲಕ್ಕೆ ಹಂಚಿಹೋಗುತ್ತದೆ, ಹಾಗೆ ಹಂಚಲೆಂದೇ ಚೈನು ಇರುವುದು. ಅರ್ಧ ಅಡಿಯಷ್ಟೇ ಮಣ್ಣು ಹರಡಿ, ನೀರು ಚಿಮುಕಿಸಿ, ರೋಲರ್ ಅಥವಾ ತುಂಬಿದ ಟ್ರ್ಯಾಕ್ಟರ್ ಟ್ರೈಲರ್ ಓಡಿಸಿ, ಆಮೇಲೆ ಇನ್ನೊಂದು ಪದರ. ಹದ ತಿಳಿಯಲು ಹಿಡಿ ಮಣ್ಣನ್ನು ಉಂಡೆ ಮಾಡಿ. ಅಂಗೈಗೆ ಒದ್ದೆ ಅಂಟಬಾರದು, ಸೊಂಟದ ಎತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಪುಡಿಯಾದರೆ ಒಣ, ಚಪ್ಪಟೆಯಾದರೆ ಹಸಿ. ಈ ಕೆಲಸಕ್ಕೆ ಜನವರಿ ಒಳ್ಳೆಯದು, ನೆಲದಲ್ಲಿ ಇನ್ನೂ ತೇವವಿರುತ್ತದೆ. ಏಪ್ರಿಲ್‌ನಲ್ಲಿ ಹೊರಟರೆ ಮಣ್ಣಿಗೂ ಟ್ಯಾಂಕರ್ ನೀರು ತರಿಸಬೇಕು, ಅರ್ಧ ಎದ್ದ ಏರಿಯ ಮೇಲೆ ಭರಣಿ ಮಳೆಯೂ ಬೀಳಬಹುದು. ಮಣ್ಣು ಕುಸಿಯುವುದನ್ನು ಲೆಕ್ಕ ಹಿಡಿದು ನಡುಭಾಗವನ್ನು ಒಂದಡಿ ಎತ್ತರಿಸಿ ಕಟ್ಟಿಸಿ.

ತೂಬು ಬೇಡ, ಪೈಪು ಏರಿಯನ್ನು ತೂರುವುದು ಬೇಡವೇ ಬೇಡ. ಏರಿಯ ಮೇಲಿಂದ ಹಾಯುವ ಒಂದೂವರೆ ಇಂಚಿನ ಪೈಪಿನಲ್ಲಿ ಸೈಫನ್ ಮಾಡಿ, ಕೆಳಗಡೆ ಸಿಮೆಂಟ್ ತೊಟ್ಟಿಗೆ ನೀರು ಬಿಡಬಹುದು. ತೊಟ್ಟಿ ಕಟ್ಟೆಯ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟಿನ ಹಂಗಿಲ್ಲ. ತೋಡಿದ ಗುಂಡಿಯ ಕೊನೆಯ ನೀರಿಗೆ ಮಾತ್ರ ಸಣ್ಣ ಸೋಲಾರ್ ಪಂಪು ಬೇಕಾಗುತ್ತದೆ. ಕಟ್ಟೆಗೆ ಬೇಲಿ ಹಾಕಿ ದನಕುರಿಗಳು ತೊಟ್ಟಿಯಲ್ಲೇ ಕುಡಿದರೆ ನೀರು ಸಗಣಿಯಾಗುವುದಿಲ್ಲ, ಏರಿಯ ಅಂಚನ್ನು ಗೊರಸು ತುಳಿದು ಇಳಿಸುವುದೂ ಇಲ್ಲ.

ಹೊಸ ಏರಿಗೆ ಮೊದಲ ಸಲ ತುಂಬುವಾಗ ಅಪಾಯ ಹೆಚ್ಚು. ಮೊದಲ ವರ್ಷ ಕೋಡಿಯನ್ನು ಇನ್ನೂ ಎರಡಡಿ ತಗ್ಗಿನಲ್ಲಿ ಬಿಟ್ಟು, ಅರ್ಧಕ್ಕೆ ತುಂಬಲು ಬಿಡಿ. ಮಳೆಗಾಲದಲ್ಲಿ ಹಿಂಬದಿಯ ಬುಡವನ್ನು ನೋಡುತ್ತಿರಿ. ಜಿನುಗುವ ನೀರು ತಿಳಿಯಾಗಿದ್ದರೆ ಗಾಬರಿ ಬೇಡ, ಹೆಚ್ಚುತ್ತಿದೆಯೇ ಎಂದು ಗಮನಿಸಿದರೆ ಸಾಕು. ಕೆಂಪಗೆ ಕದಡಿ ಬಂದರೆ ಒಳಗೆ ಸುರಂಗ ಶುರುವಾಗಿದೆ. ಆಗ ಸೈಫನ್, ಪಂಪು ಏನಿದೆಯೋ ಅದರಿಂದ ನೀರಿಳಿಸಿ, ಕೋಡಿಯನ್ನು ತಗ್ಗಿಸಿ, ಕೆಳಗಿನ ತೋಟದವರಿಗೆ ಹೇಳಿ ಕಳುಹಿಸಿ. ಏರಿಯ ತಲೆಯನ್ನು ಮಾತ್ರ ಕಡಿಯಬೇಡಿ. ಬೇಸಿಗೆಯಲ್ಲಿ ಏರಿಗೆ ಅಡ್ಡಲಾಗಿ ಬಿರುಕು ಕಂಡರೆ, ಏಡಿ ಮತ್ತು ಹೆಗ್ಗಣದ ಬಿಲ ಕಂಡರೆ ಮೊದಲ ಮಳೆಗೆ ಮುಂಚೆ ಅಗೆದು ಕುಟ್ಟಿ ಮುಚ್ಚಿಸಿ. ಮೇಲೆ ಸಿಮೆಂಟ್ ಬಳಿದರೆ ಪ್ರಯೋಜನವಿಲ್ಲ. ಏರಿ ಕುಸಿದಂತೆ ಸಿಮೆಂಟು ಬಿರಿಯುತ್ತದೆ, ಬಿರುಕು ಅದರ ಕೆಳಗೆ ಅಡಗಿಕೊಳ್ಳುತ್ತದೆ.

ಹೊಂಗೆಯನ್ನು ಏರಿಯ ಮೇಲೆ ನೆಡಬೇಡಿ. ಬದುಕಿರುವವರೆಗೆ ಬೇರು ಮಣ್ಣು ಹಿಡಿಯುತ್ತದೆ ನಿಜ, ಮರ ಸತ್ತ ಮೇಲೆ ಅದೇ ಬೇರು ಕೊಳೆತು ಕೊಳವೆಯಾಗುತ್ತದೆ. ಗಾಳಿಗೆ ಮರ ಬುಡಮೇಲಾದರೆ ಒಂದು ಗಾಡಿ ಮಣ್ಣನ್ನೂ ಎತ್ತಿಕೊಂಡು ಬೀಳುತ್ತದೆ. ಏರಿಯ ಹಿಂಬದಿಗೆ ಗರಿಕೆ, ನೀರಿನಂಚಿಗೆ ಲಾವಂಚ ಹಾಕಿ. ಒಳಮೈಗೆ ಅಲೆ ಬಡಿಯುವ ಎತ್ತರದಲ್ಲಿ ಕಲ್ಲು ಹೊದಿಸಿ, ನಿಮ್ಮ ಹೊಲದಲ್ಲಿ ಕಲ್ಲಿಗೆ ಬರವಿಲ್ಲವಲ್ಲ. ಹೊಂಗೆ, ಬೇವು ನೆಡಲೇಬೇಕೆಂದರೆ ಏರಿಯ ಬುಡದಿಂದ ಮೂವತ್ತು ಅಡಿ ದೂರದಲ್ಲಿ, ಬೇಸಿಗೆಯ ಗಾಳಿ ಕಟ್ಟೆಯ ಕಡೆ ಬೀಸಿ ಬರುವ ದಿಕ್ಕಿನಲ್ಲಿ ಸಾಲಾಗಿ ನೆಡಿ. ಗಾಳಿ ತಗ್ಗಿದಷ್ಟೂ ಆವಿಯಾಗುವ ನೀರು ಕಡಿಮೆಯಾಗುತ್ತದೆ, ತೊಟ್ಟಿಗೆ ಬಂದ ದನಗಳಿಗೆ ನೆರಳೂ ಆಗುತ್ತದೆ.